ಸುತ್ತಳತೆ ಕೊಟ್ಟು ತಂದ ಗೀಸರ್

ನಮ್ಮ ದೊಡ್ಡಪ್ಪ ದರ್ಜಿ. ಯಾರಿಗೇ ಹೊಲಿಯಲಿ, ಅಳತೆಗಿಂತ ಎರಡಿಂಚು ಹೆಚ್ಚು ಬಿಡುವುದು ಅವರ ಪದ್ಧತಿ. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ಊದುತ್ತಾರೆ, ಬಟ್ಟೆಯೊಂದೇ ಕುಗ್ಗುವುದು ಎಂದು ಅವರ ವಾದ. ದೊಡ್ಡಮ್ಮನ ತಂಗಿಯ ಗಂಡ, ಅಂದರೆ ದೊಡ್ಡಪ್ಪನ ಷಡ್ಡಕ, ಒಮ್ಮೆ ಅವರು ಹೊಲಿದುಕೊಟ್ಟ ಪ್ಯಾಂಟು ತೊಟ್ಟು, "ಭಾವ, ಇದರಲ್ಲಿ ಇನ್ನೊಬ್ಬರಿಗೂ ಜಾಗ ಇದೆ, ಬಾಡಿಗೆಗೆ ಕೊಡಲಾ?" ಎಂದುಬಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹಾಗಾಗಿ, ಹಳೇ ಗೀಸರ್ ತುಕ್ಕು ಹಿಡಿದು ಕೆಟ್ಟುಹೋಗಿ, ದೊಡ್ಡಮ್ಮ ಬ್ಯಾಗು ಹಿಡಿದು ಆ ತಂಗಿಯ ಮನೆಗೇ ಹೊರಟು ನಿಂತಾಗ ದೊಡ್ಡಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

"ಈ ಮಂಡಿಗೆ ತಣ್ಣೀರು ಆಗಲ್ಲ. ಬಿಸಿನೀರು ಬಂದ ದಿನ ಕರೀರಿ, ಬರ್ತೀನಿ."

"ಒಲೆ ಮೇಲೆ ಕಾಯಿಸಿಕೊಡ್ತೀನಿ ಕಣೇ."

"ನೀವು? ಗುಂಡಿ ಹೊಲೀತಾ ಕೂತು ಹಾಲಿನ ಪಾತ್ರೆ ಸುಟ್ಟವರು!"

ದೊಡ್ಡಮ್ಮ ಹೋದ ಕೂಡಲೇ ದೊಡ್ಡಪ್ಪ ಟೇಪು ಹಿಡಿದು ಬಚ್ಚಲಿಗೆ ನುಗ್ಗಿದರು. ಹಳೇ ಗೀಸರಿನ ಉದ್ದ ತೆಗೆದರು, ಎದೆ ಸುತ್ತಳತೆ ತೆಗೆದರು. ಬಿಸಿನೀರಿನ ಸಾಮಾನು, ಕುಗ್ಗುವುದು ಹೆಚ್ಚು ಎಂದು ಎರಡಿಂಚಿನ ಬದಲು ಒಂದು ಗೇಣು ಸೇರಿಸಿದರು.

"ಎಷ್ಟು ಲೀಟರ್ ಬೇಕು?" ಎಂದ ಅಂಗಡಿಯವನು.

"ಲೀಟರೆಲ್ಲ ನಂಗೊತ್ತಿಲ್ಲ. ಎದೆ ಐವತ್ತೇಳು."

ಅಂಗಡಿಯಲ್ಲಿದ್ದ ಗೀಸರುಗಳನ್ನೆಲ್ಲ ಒಂದೊಂದಾಗಿ ತಬ್ಬಿ ಟೇಪು ಸುತ್ತಿ, ಸರಿಹೊಂದಿದ್ದನ್ನು ಆಟೋದಲ್ಲಿ ಹೇರಿಕೊಂಡು ಬಂದರು. ದಪ್ಪ ರಟ್ಟು, ಕಾಲರಿನ ಪಡಿಯಚ್ಚು ಮಾಡಲು ಆಗುತ್ತದೆಂದು ಪೆಟ್ಟಿಗೆಯನ್ನು ಆಗಲೇ ಕತ್ತರಿಸಿಯೂ ಇಟ್ಟರು.

ಪ್ಲಂಬರ್ ಬಂದ. ಹಳೆಯದನ್ನು ಬಿಚ್ಚಿ ಹೊರಗಿಟ್ಟು, ಹೊಸದನ್ನು ನೋಡಿದ. ಬಚ್ಚಲನ್ನು ನೋಡಿದ. ಮತ್ತೆ ಹೊಸದನ್ನು ನೋಡಿದ.

"ಮಾಸ್ಟ್ರೇ, ಇದು ಹಾಸ್ಟೆಲಿಗೆ ಹಾಕೋದು. ಇಲ್ಲಿ ಹಾಕಿದ್ರೆ ಗೀಸರೇ ಒಳಗೆ ಸ್ನಾನ ಮಾಡುತ್ತೆ, ನೀವು ಬಾಗಿಲಲ್ಲಿ ನಿಂತು ಬೆನ್ನು ಉಜ್ಜಬೇಕು."

"ಸ್ವಲ್ಪ ದಿನ ಬಳಸಿದ್ರೆ ಮೈಗೆ ಸರಿಯಾಗಿ ಕೂರುತ್ತೆ ಬಿಡಪ್ಪ."

"ಯಾರ ಮೈಗೆ?"

ವಾಪಸು ಕೊಡೋಣವೆಂದರೆ, ಪೆಟ್ಟಿಗೆಯಿಲ್ಲದೆ ತೆಗೆದುಕೊಳ್ಳುವುದಿಲ್ಲ ಎಂದು ಅಂಗಡಿಯವನು ಫೋನಿನಲ್ಲೇ ಹೇಳಿದ. ಕೊನೆಗೆ ಪ್ಲಂಬರೇ ದಾರಿ ತೋರಿಸಿದ: ಬಚ್ಚಲಿನ ಗೋಡೆಯ ಈಚೆ ಬದಿಗೆ, ಅಂದರೆ ದೊಡ್ಡಪ್ಪ ಹೊಲಿಯುವ ಮುಂದಿನ ಕೋಣೆಯಲ್ಲಿ, ಗೀಸರನ್ನು ತೂಗುಹಾಕುವುದು, ಗೋಡೆಗೆ ತೂತು ಕೊರೆದು ನೀರನ್ನು ಒಳಗೆ ಬಿಡುವುದು. ಗಿರಾಕಿಗಳ ನಿಲುವುಗನ್ನಡಿ ಅಡುಗೆಮನೆಗೆ ಹೋಯಿತು. ಪ್ಯಾಂಟು ಹಾಕಿ ನೋಡಲು ಬಂದ ಬ್ಯಾಂಕಿನ ಕ್ಯಾಷಿಯರ್ ಸಾರಿನ ಪಾತ್ರೆಯ ಪಕ್ಕ ನಿಂತು ತಿರುಗಿ ತಿರುಗಿ ನೋಡಿಕೊಂಡರು.

ನೀರು ಕಾದ ಕೂಡಲೇ ದೊಡ್ಡಪ್ಪ ಫೋನು ಮಾಡಿದರು.

"ಬಿಸಿನೀರು ಬಂತು, ಬಾ."

"ಗೀಸರ್ ಮುಂದಿನ ಕೋಣೇಲಿದೆಯಂತೆ? ಪ್ಲಂಬರ್ ಊರಿಗೆಲ್ಲ ಹೇಳಿದಾನೆ. ಅಳತೆ ತಪ್ಪಿತು ಅಂತ ಒಂದು ಮಾತು ಹೇಳಿ, ಈಗಲೇ ಹೊರಡ್ತೀನಿ."

ದೊಡ್ಡಪ್ಪ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಅಷ್ಟು ವರ್ಷದ ಕಸುಬಿನಲ್ಲಿ ಗಿರಾಕಿಯ ದೇಹವೇ ತಪ್ಪಿತ್ತು, ಟೇಪು ಎಂದೂ ತಪ್ಪಿರಲಿಲ್ಲ. ಆ ಬದಿಯಲ್ಲಿ ಷಡ್ಡಕ ಕೆಮ್ಮಿದ್ದು ಕೇಳಿಸಿತು. ಕ್ಯಾಷಿಯರ್ ಮರ್ಯಾದೆಗೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರು.

"ತಪ್ಪಿತು ಕಣೇ. ಬಾ."

ಷಡ್ಡಕನೇ ಸ್ಕೂಟರಿನಲ್ಲಿ ಕರೆತಂದರು, ಹೆಗಲ ಮೇಲೆ ಟವೆಲು ಹಾಕಿಕೊಂಡು.

"ನೀರು ಬೇಕಾದಷ್ಟಿದೆಯಂತಲ್ಲ ಭಾವ?"

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಚಪ್ಪಲಿ ಬಿಟ್ಟು, "ಮೊದಲು ನಾನು" ಎಂದು ಬಚ್ಚಲಿನ ಬಾಗಿಲು ಹಾಕಿಕೊಂಡರು. ಗಂಡಸರಿಬ್ಬರೂ ಗೀಸರಿನ ಕೆಳಗೆ ಒಂದೇ ಬೆಂಚಿನ ಮೇಲೆ ಬೆವರುತ್ತಾ ಕುಳಿತರು. ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲಲಿಲ್ಲ.

"ರೀ," ಒಳಗಿನಿಂದ ದನಿ ಬಂತು, "ಇನ್ನೂ ಬಿಸಿಯಾಗೇ ಬರ್ತಿದೆ ಕಣ್ರೀ!"

ಷಡ್ಡಕ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. ದೊಡ್ಡಪ್ಪ ಎದ್ದು ಅವರಿಗೆ ಫ್ಯಾನು ಹಾಕಿದರು.