ಮೀನಿಲ್ಲದ ಜಾಡಿಯ ಮುಳ್ಳುಗಳು

ಅಮೆರಿಕದ ಪಿಸ್ಕಾಟವೇಯ ನಮ್ಮ ಲ್ಯಾಬಿನಲ್ಲಿ ಸಾಕುವುದು ನೀರುಚಿಗಟಗಳನ್ನು. ಸಾಸಿವೆಗಿಂತ ಸಣ್ಣ ಜೀವಿಗಳು. ತಾಯಿ ಇದ್ದ ನೀರಿನಲ್ಲಿ ಮೀನಿನ ವಾಸನೆ ಇದ್ದರೆ ಮರಿಗಳು ಬಾಲದಲ್ಲಿ ಉದ್ದ ಮುಳ್ಳು ಹೊತ್ತೇ ಹುಟ್ಟುತ್ತವೆ. ಶತ್ರುವನ್ನು ಮರಿ ಕಂಡಿರುವುದಿಲ್ಲ, ತಾಯಿ ಕಂಡಿರುತ್ತಾಳೆ. ಈ ಮುನ್ನೆಚ್ಚರಿಕೆ ತಲೆಮಾರುಗಳಲ್ಲಿ ಹೇಗೆ ಉಳಿದುಬಂತು ಎಂಬುದೇ ನನ್ನ ಥೀಸಿಸ್.

ಆ ಚಳಿಗಾಲ, ಹೋಲಿಕೆಗೆಂದು ಮೀನಿಲ್ಲದ ನೀರು ತುಂಬಿಟ್ಟ ಜಾಡಿಗಳಲ್ಲೂ ಮುಳ್ಳಿನ ಮರಿಗಳು ಹುಟ್ಟಿದವು. ತಿಂಗಳುಗಳ ಕೆಲಸ ನೀರುಪಾಲು. ನನಗಾಗ ಐದು ತಿಂಗಳು. ದಪ್ಪ ಸ್ವೆಟರಿನಡಿ ಮುಚ್ಚಿಟ್ಟಿದ್ದೆ. ಹೆರಿಗೆಗೆ ಮೊದಲು ಈ ಅಧ್ಯಾಯ ಮುಗಿಯದಿದ್ದರೆ ಇನ್ನು ಮುಗಿಯುವುದೇ ಇಲ್ಲ ಎಂದು ಹೆದರಿದ್ದೆ. ಪಕ್ಕದ ಮೇಜಿನ ಧಾರವಾಡದ ಹುಡುಗಿಯ ಮೇಲೆ ಅನುಮಾನ ಬಂತು. ಮೀನಿನ ತೊಟ್ಟಿ ನೋಡಿಕೊಳ್ಳುತ್ತಿದ್ದವಳು ಅವಳೇ, ಆ ನೀರನ್ನು ನಾಲ್ಕು ಹನಿ ನನ್ನ ಜಾಡಿಗಳಿಗೆ ಬಿಟ್ಟರೆ ಸಾಕಿತ್ತು. ಡ್ರಾಪರುಗಳನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ. ನೀರಿನ ಮಟ್ಟಕ್ಕೆ ಸರಿಯಾಗಿ ಪ್ರತಿ ಜಾಡಿಗೂ ಪೆನ್ನಿನ ಗೆರೆ ಎಳೆದೆ. ಅವಳು ತಂದುಕೊಟ್ಟ ಕಾಫಿಯನ್ನೂ ಸಿಂಕಿಗೆ ಸುರಿದೆ. ಅಷ್ಟು ಕೆಟ್ಟಿತ್ತು ತಲೆ.

ಗೆರೆ ಎಳೆಯುವ ವಿದ್ಯೆ ಅಮ್ಮನದು. ಮೈಸೂರಿನ ವಠಾರದಲ್ಲಿ ಏಳು ಮನೆಗೆ ಒಂದೇ ನಲ್ಲಿ, ಎಣ್ಣೆ ಬಾಟಲಿಗೂ ಗೆರೆ ಎಳೆದಿಡುತ್ತಿದ್ದಳು. ಅಲ್ಲಿ ಅದು ಬೇಕಿತ್ತು. ಈಗಲೂ ಫೋನಿನಲ್ಲಿ ಅದೇ ರಾಗ: "ಯಾರನ್ನೂ ನಂಬ್ಬೇಡ ಕಣೇ. ಬಸುರಿ ಅಂತ ಬಾಯಿಬಿಡ್ಬೇಡ. ಹೊಟ್ಟೇಲಿ ಮಗು ಇರೋವಾಗ ಒಂದಿರುವೇನೂ ಸಾಯಿಸ್ಬೇಡ."

ತಿಂಗಳಾದ ಮೇಲೆ ತಡೆಯಲಾಗಲಿಲ್ಲ. "ನನ್ ಜಾಡಿ ಮುಟ್ಟಿದ್ಯಾ? ನಿಜ ಹೇಳು" ಎಂದು ಅವಳನ್ನು ಕೇಳಿಯೇಬಿಟ್ಟೆ.

ಅವಳು ನನ್ನ ನೋಟ್‌ಬುಕ್ ತಿರುವಿದಳು. "ಈ ತಾಯಿಗೋಳನ್ನ ಎಲ್ಲಿಂದ ತಂದಿ?"

ಹೇಳಿದೆ. ಹಿಂದಿನ ಪ್ರಯೋಗ ಮುಗಿದಾಗ ಮೀನಿನ ನೀರಿನ ಚಿಗಟಗಳನ್ನು ಬ್ಲೀಚಿಗೆ ಸುರಿಯಬೇಕಿತ್ತು. ಆಗಲೇ ಬಸುರಿ, ಅಮ್ಮನ ಮಾತು ನೆನಪಾಗಿ ಕೊಲ್ಲಲು ಕೈ ಬರಲಿಲ್ಲ, ಶುದ್ಧ ನೀರಿಗೆ ಬಿಟ್ಟೆ. ಅವಕ್ಕೆ ಹುಟ್ಟಿದ ಮರಿಗಳೇ ಈ ಜಾಡಿಗಳ ತಾಯಂದಿರು. ಶುದ್ಧ ನೀರಲ್ಲಿ ಹುಟ್ಟಿದವು ತಾನೆ ಎಂದುಕೊಂಡಿದ್ದೆ.

"ಅವುಗಳ ತಾಯಿ ಮೀನು ಕಂಡಾಳಲ್ಲ," ಅಂದಳು. "ಮೊಮ್ಮಕ್ಕಳ ತನಕ ಹೋಗತೈತಿ. ನಿನ್ನ ಥೀಸಿಸ್ಸೇ ಅದು."

ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ತಪ್ಪಾಯ್ತು ಎನ್ನುತ್ತಾ ಅತ್ತುಬಿಟ್ಟೆ.

ಅವಳು ಕರಗಲಿಲ್ಲ. "ಪ್ರಯೋಗ ಮತ್ತ ಮಾಡಬಹುದು ಬಿಡು. ನೀ ಬಸುರಿ ಅಂತ ನನಗ ಮೂರನೇ ತಿಂಗಳದಾಗ ಗೊತ್ತಾತು. ನೀ ಹೇಳೂ ತನಕ ಯಾರ ಮುಂದೂ ಅನಬಾರದಂತ ಸುಮ್ಮನಿದ್ದೆ."

ಮರುದಿನ ಅವಳು ಮೇಜು ಬದಲಿಸಿದ್ದಳು.