ಉರಿಯದ ಪಾದ

ಮೆಣಸಿನಕಾಯಿ ಉರಿಯಲಿಲ್ಲ.

ಶುರುವಾದದ್ದು ಅಲ್ಲಿಂದ. ಬ್ಯಾಡಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಪ್ರತಿ ಚಳಿಗಾಲ ಮನೆಬಳಕೆಯ ಮೆಣಸಿನಕಾಯಿ ಹರವುತ್ತೇವೆ. ಎರಡೂ ಮಗ್ಗುಲಿಗೆ ಬಿಸಿಲು ತಾಗಲೆಂದು ಅವನ್ನು ಕಾಲಿನಿಂದಲೇ ಹೊರಳಿಸುವುದು ರೂಢಿ. ಬರಿಗಾಲಿನಿಂದ. ಲಕ್ಷ್ಮಿಯನ್ನು ಚಪ್ಪಲಿಯಲ್ಲಿ ತುಳಿಯುವುದಿಲ್ಲ. ಪಾದ ಎತ್ತದೆ, ನೀರಿನಲ್ಲಿ ನಡೆಯುವ ಹಾಗೆ ಜಾರಿಸುತ್ತ ಹೋಗಬೇಕು. ಕಾಯಿಗಳು ಸರಸರ ಎಂದು ಅತ್ತಿತ್ತ ಸರಿದು ಹಿಂದೆ ಒಂದು ಸಾಲು ಬಿಡುತ್ತವೆ. ನನ್ನ ಹಿಮ್ಮಡಿ ಚಳಿಗೆ ಸೀಳುತ್ತದೆ. ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದಲೂ ಆ ಸೀಳಿಗೆ ಖಾರ ಹೊಕ್ಕು, ಸಂಜೆ ಹಿತ್ತಲಲ್ಲಿ ಕೂತು ಮಜ್ಜಿಗೆ ಸುರಿದುಕೊಳ್ಳುತ್ತಿದ್ದೆ.

ಆ ದಿನ ಕೆಳಗಿಳಿದು ಬಂದಾಗ ಬಲ ಹಿಮ್ಮಡಿಯ ಸೀಳಿನಲ್ಲಿ ಒಂದು ಬೀಜ ಸಿಕ್ಕಿಕೊಂಡಿತ್ತು. ಸುತ್ತ ರಕ್ತ ಒಣಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು.

"ಉರಿಯಾಕತ್ತಿಲ್ಲೇನ ಲಲಿತವ್ವ?"

"ಇಲ್ರಿ ಅತ್ತಿ."

"ನಮ್ಮೂರ ಕಾಯಿ ಬಣ್ಣಕ್ಕಷ್ಟ ಬಿಡು. ಖಾರ ಬೇಕಂದ್ರ ನನ್ನ ಬಾಯಿ ಐತೆಲ್ಲ."

ಇಬ್ಬರೂ ನಕ್ಕೆವು. ಕಾಲು ಗಟ್ಟಿಯಾಗಿದೆ ಎಂದುಕೊಂಡೆ. ಒಂದಿಷ್ಟು ಹೆಮ್ಮೆಯೂ ಆಯಿತು. ಆದರೆ ಕೆಲವು ತಿಂಗಳಿಂದ ನೆಲ ಮೆತ್ತಗಾಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯ ಕಲ್ಲು, ಹಿತ್ತಲಿನ ಮಣ್ಣು, ಬೀದಿಯ ಡಾಂಬರು, ಎಲ್ಲವೂ ಒಂದೇ ಥರ. ಅರಳೆಯ ಮೇಲೆ ನಡೆದಂತೆ. ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟರೆ ಇನ್ನೂ ಕನಸಿನೊಳಗೇ ಇಳಿದ ಹಾಗಿರುತ್ತಿತ್ತು.

ರಕ್ತ ನೋಡಿದ್ದು ನನ್ನ ಗಂಡ. ಅವರದು ಇಲ್ಲಿ ದಲಾಲಿ ಅಂಗಡಿ; ಕಾಯಿಯ ಸುಗ್ಗಿಯಲ್ಲಿ ಊಟಕ್ಕೂ ಬಿಡುವಿರುವುದಿಲ್ಲ. ಆದರೂ ಮರುದಿನ ಅಂಗಡಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ನನ್ನನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋದರು. ನನಗೆ ಶುಗರ್ ಇದ್ದದ್ದು ಹೊಸ ಸುದ್ದಿಯಲ್ಲ. ಗುಳಿಗೆಗಳು ದೇವರ ಜಗಲಿಯ ಪಕ್ಕದ ಡಬ್ಬಿಯಲ್ಲಿದ್ದವು. ನೆನಪಾದ ದಿನ ನುಂಗುತ್ತಿದ್ದೆ.

ಡಾಕ್ಟರು ನನ್ನ ಮಗಳ ವಯಸ್ಸಿನವರು. ಕೈಯಲ್ಲಿ ನೈಲಾನ್ ದಾರದಂಥ ಒಂದು ಗಟ್ಟಿ ಎಳೆ ಹಿಡಿದಿದ್ದರು.

"ಕಣ್ಣು ಮುಚ್ಚರಿ ಅಕ್ಕಾರ. ಕಾಲಿಗೆ ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ರಿ."

ಮುಚ್ಚಿದೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಹೊರಗೆ ಯಾರೋ ಟೋಕನ್ ಕೂಗುತ್ತಿದ್ದರು. ಡಾಕ್ಟರು ಶುರು ಮಾಡಲಿ ಎಂದು ಕಾದೆ. ಕಾಯುತ್ತ ಕಾಯುತ್ತ ಸಣ್ಣ ಜೋಂಪು ಹತ್ತಿದಂತಾಯಿತು. ತವರೂರು ಹೊಸರಿತ್ತಿಯ ಪಡಸಾಲೆಯಲ್ಲಿ, ಆಗಷ್ಟೇ ಬಿಡಿಸಿ ತಂದ ಹತ್ತಿಯ ರಾಶಿಯ ಮೇಲೆ ನಾವು ಮಕ್ಕಳು ಮಲಗುತ್ತಿದ್ದ ಮಧ್ಯಾಹ್ನಗಳು ತೇಲಿ ಬಂದವು.

"ಮುಗೀತ್ರಿ," ಎಂದರು ಡಾಕ್ಟರು.

ಕಣ್ಣು ತೆರೆದು ಗಂಡನ ಮುಖ ನೋಡಿದೆ. ಆ ಎಳೆ ನನ್ನ ಅಂಗಾಲಿಗೆ ಒತ್ತಿ ಒತ್ತಿ ಬಾಗಿದ್ದನ್ನು ಅವರು ನಿಂತು ನೋಡಿದ್ದರು.

ನ್ಯೂರೋಪತಿ ಎಂದರು ಡಾಕ್ಟರು. ಶುಗರ್ ಹೆಚ್ಚಿದ್ದು ಕಾಲಿನ ನರಗಳನ್ನು ಕೆಡಿಸಿದೆ. ಸತ್ತ ಸ್ಪರ್ಶ ಮರಳುವ ಭರವಸೆ ಕೊಡಲಾರೆ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದರು. ಗುಳಿಗೆ ಬದಲಾಯಿಸಿದರು. ಹೊತ್ತಿಗೆ ಸರಿಯಾಗಿ ಹಿತಮಿತದ ಊಟ. ದಿನಾ ನಡಿಗೆ. "ಮತ್ತ ಮನ್ಯಾಗೂ ಬರಿಗಾಲಿಲೆ ಅಡ್ಡಾಡಬ್ಯಾಡ್ರಿ. ಸಂಜೀಕ ಅಂಗಾಲು ಯಾರರೆ ನೋಡಬೇಕು."

ಊಟ, ನಡಿಗೆ ಎರಡನ್ನೂ ಮನಸ್ಸಿಗೆ ಹಾಕಿಕೊಂಡೆ. ಕಾಲಿನ ಮಾತು ನನಗೆ ಔಷಧಿಯಂತೆ ಅನಿಸಲಿಲ್ಲ. ಅಡುಗೆಮನೆಯಲ್ಲಿ, ದೇವರ ಮುಂದೆ ಚಪ್ಪಲಿ ಹೇಗೆ ಮೆಟ್ಟುವುದು? ನಮ್ಮ ಮನೆಯಲ್ಲಿ ಕಾಲು ಮುಟ್ಟುವವಳು ನಾನು. ನನ್ನ ಕಾಲನ್ನು ಯಾರು ನೋಡಬೇಕು?

ಊಟ ಕಷ್ಟವಾಗದು ಎಂದೇ ತಿಳಿದಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು. ಡಾಕ್ಟರು ಹೇಳಿದ್ದು ನಮ್ಮ ಒಲೆಯ ಮೇಲಿನದೇ ಅಡುಗೆ. ತೊಡಕಿದ್ದದ್ದು ಉಳಿದದ್ದರಲ್ಲಿ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಅನ್ನ ಇರುತ್ತದೆ. ಚೆಲ್ಲುವಂತಿಲ್ಲ. ಪಾತ್ರೆ ತೊಳೆಯುವವಳ ಹೊಟ್ಟೆಗೇ ಅದು ಹೋಗಬೇಕು. ಅಳತೆಯ ರೊಟ್ಟಿ ತಿಂದು ಕೈ ತೊಳೆದ ಮೇಲೆ ಒಲೆಯ ಮುಂದೆ ನಿಂತುಕೊಂಡೇ ಇನ್ನೊಂದು ಊಟ ಮಾಡಿ ಮುಗಿಸಿರುತ್ತಿದ್ದೆ.

ನಡಿಗೆಯ ಕಥೆ ಬೇರೆ. ಬೆಳಿಗ್ಗೆ ಮಂಜು ಇಳಿದಿರುತ್ತಿತ್ತು. ಮಾರುಕಟ್ಟೆಯ ಕಡೆಯಿಂದ ಕಾಯಿಯ ಘಾಟು ತೇಲಿ ಬರುತ್ತಿತ್ತು. ಬಾಗಿಲು ದಾಟುವುದಷ್ಟೇ ತಡ, ಎದುರು ಮನೆಯ ಕಸ್ತೂರಕ್ಕ ರಂಗೋಲಿ ಬಿಟ್ಟು ಏಳುತ್ತಿದ್ದಳು.

"ಎಲ್ಲಿಗೆ ಹೊಂಟಿ ಲಲಿತಕ್ಕ?"

"ಎಲ್ಲೂ ಇಲ್ಲ. ಸುಮ್ನ ನಡದಬರಾಕ."

"ಸುಮ್ನ ಅಂದ್ರ? ಮನ್ಯಾಗ ಏನರೆ ಆತೇನು? ಬಾ ಒಳಗ, ಚಾ ಕುಡದ ಹೋಗು."

ಗಿರಣಿಗೆ ಹೋಗುವವಳಿಗೆ ಬೀದಿ ದಾರಿ ಬಿಡುತ್ತದೆ. ಸಂತೆಗೆ ಹೋಗುವವಳಿಗೂ ಬಿಡುತ್ತದೆ. ಎಲ್ಲೂ ಹೋಗದೆ ನಡೆಯುವವಳನ್ನು ಮನೆಮನೆಗೂ ನಿಲ್ಲಿಸುತ್ತದೆ. ಚಹಾ ಬೇಡವೆಂದರೆ ಮುನಿಸು, ಸಕ್ಕರೆ ಬೇಡವೆಂದರೆ ಮರುಕ. ಆ ಮರುಕ ನನಗೆ ಸೇರುತ್ತಿರಲಿಲ್ಲ. ಹಾಗಾಗಿ ಕುಡಿಯುತ್ತಿದ್ದೆ. ಕೆಲವೇ ದಿನಗಳಲ್ಲಿ ಹೊರಗೆ ಹೋಗುವುದನ್ನೇ ಬಿಟ್ಟೆ.

ಆಗ ನನಗೊಂದು ದಾರಿ ಹೊಳೆಯಿತು.

ಊರ ಅಂಚಿನ ಹಣಮಪ್ಪನ ಗುಡಿಗೆ ದಿನಾ ನಡೆದು ಹೋಗಿ ಪ್ರದಕ್ಷಿಣೆ ಹಾಕುತ್ತೇನೆ, ಹರಕೆ ಹೊತ್ತಿದ್ದೇನೆ ಎಂದು ಕಸ್ತೂರಕ್ಕನಿಗೆ ಹೇಳಿದೆ. ಅವಳಿಗೆ ಹೇಳಿದರೆ ಓಣಿಗೆಲ್ಲ ಹೇಳಿದಂತೆ. ಮರುದಿನದಿಂದ ಬೀದಿಯೇ ಬದಲಾಯಿತು. ನನ್ನನ್ನು ಕಂಡರೆ ಹೆಂಗಸರು ಸರಿದು ನಿಲ್ಲುತ್ತಿದ್ದರು. ಯಾರೂ ಚಹಾ ಎನ್ನಲಿಲ್ಲ. ಉಳಿದ ಅನ್ನ ನನ್ನ ತಾಟಿಗೆ ಬರಲಿಲ್ಲ; ಹರಕೆ ಹೊತ್ತವಳಿಗೆ ಎಂಜಲು ಪಾತ್ರೆಯ ಅನ್ನ ಸಲ್ಲದೆಂದು ಅತ್ತೆಯೇ ತಡೆದರು. ಹಾವೇರಿಯಲ್ಲಿ ಅಕ್ಕನ ಮಗಳ ಕುಬಸಕ್ಕೆ ಹೋದಾಗ, ಬಸುರಿಯ ಮಡಿಲು ತುಂಬಿ ಎಲ್ಲರೂ ಪಂಕ್ತಿಯಲ್ಲಿ ಕೂತೆವು. ಅಕ್ಕ ಹೋಳಿಗೆ ಹಿಡಿದು ಬಂದಳು. "ಹರಕೆ ಐತಿ," ಎಂದೆ. ಯಾವತ್ತೂ ಒತ್ತಾಯ ಬಿಡದ ಅಕ್ಕ ಹಣೆ ಮುಟ್ಟಿಕೊಂಡು ಮುಂದೆ ಹೋದಳು.

ಆ ದಿನಗಳನ್ನು ನೆನೆದರೆ ಈಗಲೂ ಹಗುರವಾಗುತ್ತೇನೆ. ಗುಡಿಯ ಸುತ್ತ ಕಲ್ಲು ಹಾಸಿದ್ದಾರೆ. ಬೇವಿನ ಎಲೆಗಳ ನಡುವಿನಿಂದ ಬೆಳಕು ಚುಕ್ಕಿಚುಕ್ಕಿಯಾಗಿ ಬೀಳುತ್ತಿತ್ತು. ಸುತ್ತು ಹಾಕುತ್ತ ಹಾಕುತ್ತ ಗುಡಿಯೇ ನನ್ನ ಸುತ್ತ ತಿರುಗಿದಂತೆ ಅನಿಸುತ್ತಿತ್ತು. ಪಾದ ತಾಗುವುದು ತಿಳಿಯುತ್ತಿರಲಿಲ್ಲವಾದ್ದರಿಂದ ತೇಲಿದ ಹಾಗೆ. ಶುಗರ್ ಇಳಿಯಿತು. ಡಾಕ್ಟರು ರಿಪೋರ್ಟ್ ನೋಡಿ ಖುಷಿಪಟ್ಟರು. "ಚಪ್ಪಲಿ ಹಾಕ್ಕೊಂತೀರಿ ಹೌದಿಲ್ರಿ?" ಎಂದು ಕೇಳಿದರು. ಆಗ ನನ್ನ ಕಾಲಲ್ಲಿ ಚಪ್ಪಲಿ ಇತ್ತು. ತಲೆಯಾಡಿಸಿದೆ.

ಹರಕೆಗೆ ಹೋಗುವವರು ಚಪ್ಪಲಿ ಮೆಟ್ಟುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವುದು. ಮನೆಯಿಂದಲೇ ನಾನು ಬರಿಗಾಲಲ್ಲಿ ಹೊರಡುತ್ತಿದ್ದೆ.

ಬೇಸಿಗೆ ಬಂತು. ಒಂದು ದಿನ ಬೆಳಿಗ್ಗೆಯೇ ಮೋಟೆಬೆನ್ನೂರಿನಿಂದ ನಮ್ಮ ಅಂಗಡಿಗೆ ಕಾಯಿ ತರುವ ರೈತರು ಬಂದು ಊಟಕ್ಕೆ ನಿಂತರು. ರೊಟ್ಟಿ ಬಡಿದು, ಬಡಿಸಿ, ಕೈ ಬಿಡುವಾಗುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಒಂದು ದಿನ ತಪ್ಪಿದರೆ ಹರಕೆ ಮುರಿಯುತ್ತದೆ. ನಾನೇ ಕಟ್ಟಿದ ಮಾತನ್ನು ಅಷ್ಟು ಹೊತ್ತಿಗೆ ನಾನೇ ನಂಬಿಬಿಟ್ಟಿದ್ದೆ. ಹೋದೆ. ಗುಡಿಯ ಅಂಗಳದಲ್ಲಿ ಯಾರೂ ಇರಲಿಲ್ಲ. ಕಲ್ಲಿನ ಮೇಲೆ ಗಾಳಿ ನೀರಿನಂತೆ ನಡುಗುತ್ತಿತ್ತು. ಎಲ್ಲ ಸುತ್ತುಗಳನ್ನೂ ಮುಗಿಸಿದೆ. ಕಾಲಿಗೆ ಏನೂ ಅನಿಸಲಿಲ್ಲ. ತಂಪಾಗಿದೆ ಎಂದೂ ಒಮ್ಮೆ ಅನಿಸಿತು.

ಸಂಜೆ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದರು. "ನೀರು ಚೆಲ್ಲೀ ಏನ?"

ನೆಲದ ಮೇಲೆ ಹಸಿ ಹೆಜ್ಜೆಗಳಿದ್ದವು. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ.

ಅದು ನೀರಲ್ಲ. ನನ್ನ ಅಂಗಾಲಿನ ಗುಳ್ಳೆಗಳು ಒಡೆದಿದ್ದವು.

ಮನೆಯಲ್ಲೇ ಮುಲಾಮು ಹಚ್ಚಿ ಕೆಲವು ದಿನ ಕಳೆದೆವು. ಅದೂ ತಪ್ಪಾಯಿತು. ರಾಣೆಬೆನ್ನೂರಿಗೆ ಹೋಗುವಾಗ ಜ್ವರವಿತ್ತು. ಬಲಗಾಲಿನ ಎರಡನೆಯ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾತಿದ್ದರಿಂದ ಕಾಲುಂಗುರ ಹೊರಬರಲಿಲ್ಲ. ನರ್ಸ್ ಅದನ್ನು ಕತ್ತರಿಸಿದಳು. ಮದುವೆಯ ದಿನ ಹಾಕಿದ್ದು. ಕಟ್ ಎಂಬ ಸಣ್ಣ ಸದ್ದು ಕಿವಿಗೆ ಬಿತ್ತು. ಕಾಲಿಗೆ ಗೊತ್ತಾಗಲಿಲ್ಲ.

"ಬೆರಳು ಉಳಿತದೋ ಇಲ್ಲೋ, ಈಗ ಹೇಳಾಕ ಬರಂಗಿಲ್ರಿ," ಎಂದರು ಡಾಕ್ಟರು. "ಇನ್ಫೆಕ್ಷನ್ ಮ್ಯಾಲ ಏರಿದ್ರ ತಗೀಬೇಕಾಗತದ."

ಅಡ್ಮಿಟ್ ಮಾಡಿಕೊಂಡರು. ಡ್ರಿಪ್, ಇನ್ಸುಲಿನ್, ಡ್ರೆಸ್ಸಿಂಗ್. ದಿನಾ ಬೆಳಿಗ್ಗೆ ಗಾಯದ ಬಟ್ಟೆ ಬಿಚ್ಚುವಾಗ ನಾನು ಬೆರಳನ್ನು ನೋಡದೆ ಗಂಡನ ಮುಖ ನೋಡುತ್ತಿದ್ದೆ. ಜ್ವರದ ಮಂಪರಿನಲ್ಲಿ ಗುಡಿ ಸುತ್ತುತ್ತಲೇ ಇದ್ದೆ. ಒಮ್ಮೊಮ್ಮೆ ಪ್ರತಿ ಸುತ್ತಿಗೂ ಒಂದು ಬೆರಳು ಉದುರಿ, ಕಲ್ಲಿನ ಮೇಲೆ ಕೆಂಪು ಕಾಯಿಗಳಾಗಿ ಬಿದ್ದಿರುತ್ತಿದ್ದವು. ಅವನ್ನು ಒಣಗಲು ಹರವಬೇಕೆಂದು ಬಾಗುತ್ತಿದ್ದೆ.

ಅತ್ತೆ ಬಂದರು. ಬಸ್ಸು ಹತ್ತಿ ಊರು ದಾಟುವುದನ್ನು ಎಂದೋ ಬಿಟ್ಟವರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬಟ್ಟೆ ಸುತ್ತಿದ ನನ್ನ ಕಾಲು ನೋಡಿದರು. ಆಮೇಲೆ ಕೇಳಿದರು.

"ಹಣಮಪ್ಪಗ ಏನ್ ಬೇಡಕೊಂಡಿದ್ದಿ?"

"ಏನೂ ಇಲ್ರಿ."

"ಏನೂ ಇಲ್ದ ಹರಕೆ ಹ್ಯಾಂಗ ಆಗತೈತಿ?"

ಹೇಳಿದೆ. ಚಹಾ ಬೇಡ ಎನ್ನಲು ಆಗುತ್ತಿರಲಿಲ್ಲ, ಸುಮ್ಮನೆ ನಡೆಯಲು ಬೀದಿ ಬಿಡುತ್ತಿರಲಿಲ್ಲ, ಅದಕ್ಕೆ ಎಂದೆ. ಬೈಗುಳಕ್ಕೆ ಕಾದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು.

"ಕಸ್ತೂರಿ ಚಾ ಬ್ಯಾಡ ಅನ್ನಾಕ ಅಷ್ಟ ದೊಡ್ಡ ದೇವರನ್ನ ಎಬ್ಬಿಸಿದೆಲ್ಲವಾ. ನಾ ಇದ್ದಿಲ್ಲೇನ ಮನ್ಯಾಗ? ಬಾಗಲದಾಗ ನಿಂತು ನಾನ ಬೈತಿದ್ದೆ ಆಕಿನ್ನ."

ಪಕ್ಕದ ಮಂಚದವರೂ ನಕ್ಕರು. ನನಗೆ ನಗು ಬರಲಿಲ್ಲ. ಕಣ್ಣಿಂದ ನೀರು ಇಳಿಯಿತು. ಅತ್ತೆಯ ನಗುವೂ ನಿಂತಿತು. "ಬೆರಳು ಉಳೀಲಿ," ಎಂದರು, ಯಾರಿಗೆ ಎಂದು ಹೇಳದೆ.

ಬೆರಳು ಉಳಿಯಿತು. "ಈ ಸಲ ಉಳದೈತ್ರಿ," ಎಂದರು ಡಾಕ್ಟರು. ಆ 'ಈ ಸಲ'ವನ್ನು ಮನೆಗೆ ತಂದುಕೊಂಡೆ.

ಗಾಯ ಮಾಗುವವರೆಗೆ ನಡೆಯುವಂತಿರಲಿಲ್ಲ. ಕುರ್ಚಿಯಲ್ಲಿ ಕೂತೇ ಮಾಡುವ ವ್ಯಾಯಾಮ ತೋರಿಸಿ ಕಳಿಸಿದ್ದರು. ನೀರು ತುಂಬಿದ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುವುದು, ಇಳಿಸುವುದು. ಅತ್ತೆ ಎದುರು ಕೂತು ಖಾಲಿ ಕೈಯನ್ನೇ ಎತ್ತುತ್ತಿದ್ದರು. "ನನಗಿಂತ ಮುದುಕಿ ಆಗೀದಿ ನೀ," ಎಂದು ಛೇಡಿಸುತ್ತಿದ್ದರು. ಅಕ್ಕಿಯ ಅಳತೆ ಕಡಿಮೆ ಮಾಡಿದರು. ಉಳಿದ ಅನ್ನ ಪಕ್ಕದ ಮನೆಯ ಆಕಳಿಗೆ ಎಂದು ಠರಾವು ಮಾಡಿದರು. ಹೊಸ ಮೆತ್ತನೆಯ ಚಪ್ಪಲಿ ತರಿಸಿ, ತಾವೇ ತೊಳೆದು, ಅಡುಗೆಮನೆಯ ಹೊಸ್ತಿಲ ಒಳಗಿಟ್ಟರು. "ಇವು ಬೀದಿ ಕಂಡಿಲ್ಲ. ನಡೀತೈತಿ," ಎಂದರು. ನನಗೆ ಒಲೆಯ ಮುಂದೆ ಅವನ್ನು ಮೆಟ್ಟಿ ನಿಲ್ಲಲು ಬಹಳ ದಿನ ಹಿಡಿಯಿತು.

ಎಲ್ಲವೂ ಸರಿಹೋಯಿತು ಎಂದು ಬರೆಯಲಾರೆ. ಹಬ್ಬಕ್ಕೆ ಹೋಳಿಗೆ ತಿಂದಿದ್ದೇನೆ. ಸುಗ್ಗಿಯ ಗದ್ದಲದಲ್ಲಿ ದಿನಗಟ್ಟಲೆ ನಡಿಗೆ ತಪ್ಪಿದೆ. ಹರಕೆಯಾಗಿದ್ದರೆ ಮುರಿದುಹೋಗುತ್ತಿತ್ತು, ಅಲ್ಲಿಗೆ ಕೈಬಿಡುತ್ತಿದ್ದೆ. ಈಗ ತಪ್ಪಿದ ಮರುದಿನ ನಡಿಗೆಗೆಂದೇ ಕೊಂಡ ಶೂ ಹುಡುಕುತ್ತೇನೆ, ಅಷ್ಟೇ. ಶೂ ಹಾಕುವ ಮುನ್ನ ಒಳಗೆ ಕೈ ಹಾಕಿ ತಡವುತ್ತೇನೆ. ನಮ್ಮ ಮನೆಯಲ್ಲಿ ಮೆಣಸಿನ ಬೀಜ ಎಲ್ಲೆಲ್ಲೂ ಇರುತ್ತದೆ.

ಸೀರೆಯ ಕೆಳಗೆ ಶೂ ನೋಡಿ ಕಸ್ತೂರಕ್ಕ ಮೊದಲ ದಿನ ಬಾಯಿಗೆ ಕೈ ಹಚ್ಚಿದಳು. "ಎಲ್ಲಿಗೆ ಹೊಂಟಿ, ಪೊಲೀಸ್ ಭರ್ತಿಗೇನ?"

"ಶುಗರ್ ಐತಿ ಕಸ್ತೂರಿ. ಕಾಲು ಉಳಿಸ್ಕೊಬೇಕು. ಸುಮ್ನ ನಡದಬರಾಕ ಹೊಂಟೇನಿ."

ಅವಳು ರಂಗೋಲಿಯ ಡಬ್ಬಿ ಒಳಗಿಟ್ಟು ಬಂದು, "ತಡಿ, ನಾನೂ ಬರತೀನಿ. ನನ್ನ ಮೊಣಕಾಲೂ ಕಟಕಟ ಅಂತಾವು," ಎಂದಳು. ಬಂದದ್ದು ಊರ ಬಾಗಿಲು ಅಗಸಿಯವರೆಗೆ ಮಾತ್ರ. ಆದರೂ ಬಂದಳು.

ಈಗ ಮತ್ತೆ ಚಳಿಗಾಲ. ಮಾಳಿಗೆ ಕೆಂಪಾಗಿದೆ. ಉದ್ದ ಹಿಡಿಯ ಗೋರೆಯಿಂದ ಅಂಚಿನಲ್ಲಿ ನಿಂತು ಕಾಯಿ ಹೊರಳಿಸುತ್ತೇನೆ. ಆ ಸರಸರ ಸದ್ದು ಹಾಗೆಯೇ ಇದೆ.

ಸಂಜೆ ಮೆಟ್ಟಿಲ ಮೇಲೆ ಕೂರುತ್ತೇನೆ. ಅತ್ತೆ ಖಾರದ ಕೈಯನ್ನು ಸಬಕಾರ ಹಚ್ಚಿ ತಿಕ್ಕಿ ತೊಳೆದು, ಒಂದು ಮೆಟ್ಟಿಲು ಕೆಳಗೆ ಕೂರುತ್ತಾರೆ. ಮೊದಲ ಸಲ ಅವರು ನನ್ನ ಕಾಲಿಗೆ ಕೈ ಚಾಚಿದಾಗ ಹಿಂದಕ್ಕೆ ಎಳೆದುಕೊಂಡಿದ್ದೆ. ಹಿರಿಯರು ನನ್ನ ಕಾಲು ಮುಟ್ಟುವುದೇ?

"ಪಾಪ ಬರತೈತ್ರಿ ಅತ್ತಿ ನನಗ."

"ಬಂದ್ರ ಬರಲಿ. ಪಾಪಕ್ಕ ಡ್ರೆಸ್ಸಿಂಗ್ ಬೇಕಾಗಂಗಿಲ್ಲ."

ಅವರ ಕಣ್ಣು ಮಂಜಾಗಿವೆ. ಕೈ ಮಂಜಾಗಿಲ್ಲ ಎನ್ನುತ್ತಾರೆ. ಅಂಗಾಲನ್ನು ಅಂಗೈಯಲ್ಲಿಟ್ಟುಕೊಂಡು ಬೆರಳ ಸಂದುಗಳನ್ನು, ಹಿಮ್ಮಡಿಯನ್ನು ನಿಧಾನವಾಗಿ ತಡವುತ್ತಾರೆ, ಕಾಳು ಆರಿಸುವ ಹಾಗೆ. ನಾನು ಕಣ್ಣು ಮುಚ್ಚುತ್ತೇನೆ.

"ಗೊತ್ತಾಗತೈತೇನು?"

"ಇಲ್ರಿ."

"ಇಲ್ಲೆ?"

"ಇಲ್ರಿ."

ಒದ್ದೆ ಬೆರಳುಗಳು ಕಾಲಿನ ಮೇಲೆ ಏರುತ್ತ ಬರುತ್ತವೆ. ಎಲ್ಲಿವೆ ಎಂದು ನನಗೆ ತಿಳಿಯುವುದಿಲ್ಲ. ಆಮೇಲೆ ಕಾಲ್ಗಂಟಿನ ಎಲುಬಿನ ಹತ್ತಿರ, ದೂರದಿಂದ ಬಂದಂತೆ, ಒಂದು ತಣ್ಣನೆಯ ಚುಕ್ಕಿ.

"ಹೂಂ," ಎನ್ನುತ್ತೇನೆ.

ಅವರು ಕೈಯನ್ನು ಅಲ್ಲೇ ಸ್ವಲ್ಪ ಹೊತ್ತು ಇಟ್ಟಿರುತ್ತಾರೆ.