ಸೊಸಿಯ ಸ್ಕೂಟರ್ ಮತ್ತು ನನ್ನ ಮೂರು ಕಾರಣ

ಕೇಳ್ರೆಪಾ ಎಲ್ಲಾರೂ. ಇವತ್ತು ಮುಂಜಾನೆ ನನ್ನ ಸೊಸಿ ಸುನಂದಾ ಹಿಟ್ಟು ನಾದಕೋತ, "ಅತ್ತೀ, ನಾಳೆಯಿಂದ ಸ್ಕೂಟರ್ ಕಲೀಲಿಕ್ಕೆ ಹೋಗ್ತೀನ್ರಿ" ಅಂದಳು.

"ಐವತ್ತು ದಾಟೀದಿ. ಈ ವಯಸ್ಸಿನಾಗ ಕೈಕಾಲು ಮುರಕೋಬೇಕಂತ ಮಾಡೀಯೇನು?" ಅಂದೆ. ನನ್ನ ಬಾಯಿ ನಿಮಗ ಗೊತ್ತದ.

ಆಕಿ ತಲಿ ಎತ್ತಲಿಲ್ಲ. "ಮೊದಲ್ನೇ ಸಲ ಕೇಳಿದಾಗ ಹುಡುಗ್ರು ಸಣ್ಣವು ಅಂದ್ರಿ. ಎರಡನೇ ಸಲ, ಸೊಸಿ ಗಾಡಿ ಹೊಡದ್ರ ಊರ ಮಂದಿ ಏನಂದಾರು ಅಂದ್ರಿ. ಈಗ ವಯಸ್ಸಾತು ಅಂತೀರಿ. ನಡುವ ಯಾವ ವರ್ಷ ನಂದಿತ್ರಿ?"

ನಾ ಎದ್ದು ನನ್ನ ಖೋಲಿಗೆ ಹೋದೆ. ಮಧ್ಯಾಹ್ನ ಮಲಗಿದ್ರೂ ಕಣ್ಣು ಹತ್ತಲಿಲ್ಲ. ಊರ ಮಂದಿ ಇರೋದು ವಿಜಯಪುರದ ಆಚಿ, ನಾವಿರೋದು ಪುಣೆದ ಸದಾಶಿವ ಪೇಠದಾಗ. ಇಲ್ಲಿ ನನ್ನ ವಾರಿಗಿಯ ಮುದುಕ್ಯಾರು ಸೀರಿ ಸಿಗಿಸಿಕೊಂಡು ಗಾಡಿ ಮ್ಯಾಲೆ ಕಾಯಿಪಲ್ಯಾ ತರ್ತಾರ. ನಾ ಮಾತ್ರ ಇಲ್ಲಿ ಕೂತು ಅಲ್ಲಿಯ ಮಂದಿ ಬಾಯಿಗೆ ಹೆದರಿದೆ. ಖರೇ ಹೇಳಬೇಕಂದ್ರ ಅದೂ ಕಾರಣ ಅಲ್ಲ. ಸೊಸಿ ಹೊರಗ ಹೋಗೂದು ಕಲತ್ರ ಮನ್ಯಾಗ ನಾ ಒಬ್ಬಾಕೀನ ಉಳೀತೀನಿ ಅನ್ನೋ ಅಂಜಿಕಿ. ಇಪ್ಪತ್ತೈದು ವರ್ಷ ಅದನ್ನ ಯಾರಿಗೂ ಹೇಳಿಲ್ಲ, ನನಗೂ ಹೇಳಿಕೊಂಡಿಲ್ಲ.

ಸಂಜಿಗೆ ಕಾಲು ಎಳಕೋತ ಅಡಗಿಮನಿಗೆ ಹೋಗಿ, "ಸುನಂದಾ, ಹೋಗವಾ, ಕಲಿ. ತಪ್ಪು ನಂದ" ಅಂದೆ.

"ಸ್ಕೂಟರ್ ಕ್ಲಾಸಿಗೆ ನಿನ್ನೆ ದಿನಾನ ಹೆಸರು ಹಚ್ಚಿ ಬಂದೀನ್ರಿ ಅತ್ತಿ" ಅಂದಳು.

ಇಷ್ಟು ವರ್ಷಕ್ಕ ನನಗ ಬುದ್ಧಿ ಬಂತು. ಅದು ಬರೂದ್ರೊಳಗ ಆಕಿಗೆ ನನ್ನ ಒಪ್ಪಿಗಿ ಬ್ಯಾಡಾಗಿತ್ತು.